ಕಡಕೊಳದ ಗೋದಾನ

ಕುವೆಂಪುನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ವಿಜಯ್‌ಕುಮಾರ್ ಅವರಿಗೆ ಕಾರ್ಪೊರೇಟರ್ ಆಗುವ ಆಸೆ ಬಹಳ ದಿನಗಳದ್ದು. ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಸುಮ್ಮನೆ ಕೂರಬಾರದೆಂದು ಬಡಾವಣೆಯ ನಾಗರಿಕ ಸಮಿತಿಯ ಅಧ್ಯಕ್ಷರಾಗಿದ್ದರು. ರಕ್ತದಾನ ಮಾಡಿಸಿದ್ದರು, ಉಚಿತ ಕನ್ನಡಕ ಹಂಚಿದ್ದರು. ಪಕ್ಕದ ಬಡಾವಣೆಯವರೂ ಅದನ್ನೇ ಮಾಡಿ, ಪೇಪರಿನಲ್ಲಿ ಇವರಿಗಿಂತ ದೊಡ್ಡ ಫೋಟೋ ಹಾಕಿಸಿಕೊಂಡರು. ಆ ಬೇಜಾರಿನಲ್ಲಿದ್ದಾಗಲೇ ಸಮಿತಿಯ ಕಾರ್ಯದರ್ಶಿ, ಶಾಲಾ ಟೀಚರ್ ಹೇಮಶ್ರೀ ಕಡಕೊಳದ ವಿಷಯ ಎತ್ತಿದ್ದು.

ಮಣಿಪುರದ ಗಲಭೆಯಲ್ಲಿ ಮನೆ ಸುಟ್ಟುಹೋಗಿ ಓಡಿಬಂದ ಕೆಲವು ಕುಟುಂಬಗಳು ಕಡಕೊಳದ ಕಾರ್ಖಾನೆಗಳ ಹಿಂದೆ ಶೀಟಿನ ಮನೆಗಳಲ್ಲಿದ್ದವು. ಹೆಂಗಸರು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಸಂಬಳ ಸಾಲುತ್ತಿರಲಿಲ್ಲ. ಸಾಕಿಕೊಳ್ಳಲು ಏನಾದರೂ ಪ್ರಾಣಿ ಕೊಡಿಸಿದರೆ ಅನುಕೂಲವಾಗುತ್ತದೆ ಎಂದು ಹೇಮಶ್ರೀ ಹೇಳುತ್ತಿದ್ದರು.

"ಹಸು!" ಎಂದರು ವಿಜಯ್‌ಕುಮಾರ್, ಆಕೆ ಮಾತು ಮುಗಿಸುವ ಮುಂಚೆಯೇ. "ಮನೆಗೊಂದು ಹಸು. ಗೋದಾನ ಅಂತ ಹೆಸರಿಟ್ಬುಡಣ. ಯಾರು ಇಲ್ಲ ಅಂತಾರೆ ಹೇಳಿ?"

ಯಾರೂ ಇಲ್ಲವೆನ್ನಲಿಲ್ಲ. ಸರ್ಕಲ್ಲಿನಲ್ಲಿ ಬ್ಯಾನರು ಎದ್ದಿತು. ನಡುವೆ ಕರುವಿಗೆ ಹಾಲೂಡಿಸುತ್ತಿರುವ ಹಸು, ಪಕ್ಕದಲ್ಲಿ ಹೆಚ್ಚುಕಡಿಮೆ ಹಸುವಿನಷ್ಟೇ ದೊಡ್ಡದಾಗಿ ಕೈಮುಗಿದ ವಿಜಯ್‌ಕುಮಾರ್, ಕೆಳಗಿನ ಮೂಲೆಯಲ್ಲಿ ನಿರಾಶ್ರಿತರು. ಆ ನಿರಾಶ್ರಿತರು ಬೇರೆ ಯಾವುದೋ ದೇಶದವರೆಂದು ಆಮೇಲೆ ಗೊತ್ತಾಯಿತು. ಚಂದಾ ಎತ್ತಲು ಪಾರ್ಕಿನಲ್ಲಿ ಹೌಸಿ ಆಡಿಸಿದರು. ಖಜಾಂಚಿ ಇಂದ್ರಮ್ಮ ಕಾಮಧೇನುವಿನ ರಂಗೋಲಿ ಬಿಡಿಸಿ ಪಕ್ಕದಲ್ಲಿ ಹುಂಡಿ ಇಟ್ಟರು. ಕರಿಬೇವು ಪುಕ್ಕಟೆ ಕೊಡಲಿಲ್ಲವೆಂದು ತರಕಾರಿಯವನ ಜೊತೆ ಜಗಳಕ್ಕೆ ನಿಲ್ಲುವವರೆಲ್ಲ ಧಾರಾಳವಾಗಿ ಕೊಟ್ಟರು. ರಿಟೈರ್ಡ್ ಇಂಜಿನಿಯರೊಬ್ಬರು ತೀರಿಹೋದ ತಮ್ಮ ತಂದೆಯ ಹೆಸರನ್ನು ಹಸುವಿನ ಮೇಲೆ ಬರೆಸಲು ಆಗುತ್ತದೆಯೇ ಎಂದು ವಿಚಾರಿಸಿದರು. ಕೊರಳ ಗಂಟೆಯ ಮೇಲೆ ಬರೆಸುವುದೆಂದು ಒಪ್ಪಂದವಾಯಿತು.

ಇಷ್ಟೆಲ್ಲ ಆದಮೇಲೆ, ಪಡೆಯುವವರಿಗೂ ಒಂದು ಮಾತು ತಿಳಿಸಬೇಕಲ್ಲ ಎಂದು ಹೇಮಶ್ರೀ ವಿಜಯ್‌ಕುಮಾರರನ್ನು ಕಡಕೊಳಕ್ಕೆ ಕರೆದೊಯ್ದರು. ಅಲ್ಲಿ ಎಲ್ಲರ ಪರವಾಗಿ ಮಾತಾಡುತ್ತಿದ್ದವಳು ಕಿಂಬೊಯ್ ಎಂಬ ಹೆಂಗಸು. ಗಾರ್ಮೆಂಟ್ಸಿನಲ್ಲಿ ಕನ್ನಡ ಕಲಿತಿದ್ದಳು.

"ಹಸು ಬೇಡ ಸರ್. ನಮ್ಗೆ ಹಂದಿ ಕೊಡ್ತೀರಾ?"

ವಿಜಯ್‌ಕುಮಾರ್ ಹೇಮಶ್ರೀಯ ಮುಖ ನೋಡಿದರು. ಪಾಪ, ಭಾಷೆ ಬರುವುದಿಲ್ಲ, ಪದ ತಪ್ಪಿರಬೇಕು.

"ಹಂದಿ," ಎಂದು ಕಿಂಬೊಯ್ ಬಿಡಿಸಿ ಹೇಳಿದಳು. "ಹಾಲು ನಾವು ಜಾಸ್ತಿ ಕುಡಿಯಲ್ಲ. ಊರಲ್ಲಿ ಎಲ್ಲಾ ಮನೇಲೂ ಹಂದಿ ಇತ್ತು. ಮನೆ ಸುಟ್ಟಾಗ ಅದ್ರ ಗೂಡೂ ಸುಟ್ಟೋಯ್ತು. ಬಾಗ್ಲು ತೆಗ್ಯೋಕೆ ಟೈಮ್ ಸಿಗ್ಲಿಲ್ಲ ಸರ್. ಕೂಗ್ತಾ ಇದ್ವು."

ಹೇಮಶ್ರೀ ನೆಲ ನೋಡತೊಡಗಿದರು. ವಿಜಯ್‌ಕುಮಾರರ ಕಣ್ಣಮುಂದೆ ಬಂದದ್ದು ಬ್ಯಾನರು. ಹಸುವಿನ ಜಾಗದಲ್ಲಿ ಹಂದಿ, ಪಕ್ಕದಲ್ಲಿ ಕೈಮುಗಿದ ತಾವು.

ಸಮಿತಿಯ ಸಭೆಯಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. 'ಅದು' ಎಂದರು, 'ಆ ಪ್ರಾಣಿ' ಎಂದರು.

"ಕಾಮಧೇನು ಬಿಡಿಸಿ ದುಡ್ಡು ಎತ್ತಿದೀನಿ ಕಣ್ರೀ," ಎಂದರು ಇಂದ್ರಮ್ಮ. "ಈಗ ಜನಕ್ಕೆ ಏನಂತ ಹೇಳ್ಲಿ?"

ಹೇಮಶ್ರೀಗೆ ತಡೆಯಲಾಗಲಿಲ್ಲ. "ಹೋದ ಸಲ ಟೂರಲ್ಲಿ, ಮಡಿಕೇರಿ ಹೋಟೆಲಲ್ಲಿ ಪಂದಿಕರಿ ಖಾಲಿಯಾಯ್ತು ಅಂತ ಮ್ಯಾನೇಜರ್ ಮೇಲೆ ಕೂಗಾಡಿದ್ದು ಯಾರು ಸರ್?"

"ತಿನ್ನೋದು ಬೇರೆ, ದಾನ ಬೇರೆ ಕಣ್ರೀ!" ಎಂದರು ವಿಜಯ್‌ಕುಮಾರ್. ಈ ಮಾತಿನಲ್ಲೇನೋ ಧರ್ಮಸೂಕ್ಷ್ಮವಿದೆಯೆಂದು ಎಲ್ಲರೂ ತಲೆದೂಗಿದರು. ತಮಗೇನು ಬೇಕೆಂಬುದು ನಿರಾಶ್ರಿತರಿಗೇ ಗೊತ್ತಿಲ್ಲವೆಂದು ತೀರ್ಮಾನವಾಯಿತು.

ಗೋದಾನ ಭರ್ಜರಿಯಾಗಿ ನಡೆಯಿತು. ಶಾಮಿಯಾನದ ಕೆಳಗೆ ಅರಿಶಿನ ಕುಂಕುಮ ಬಳಿದುಕೊಂಡ ಹಸುಗಳು ಮೈಕಿನ ಸದ್ದಿಗೆ ಬೆದರಿ ಸಗಣಿ ಹಾಕಿದವು. ಹಗ್ಗ ಹಿಡಿದು ನಿಂತಿದ್ದ ಕಿಂಬೊಯ್‌ಗೆ ಎರಡು ಮಾತಾಡಲು ಹೇಳಿದರು. "ಥ್ಯಾಂಕ್ಸ್. ಹಸು ಚೆನ್ನಾಗಿದೆ," ಎಂದಳು. ಮುಂದಿನ ಸಾಲಿನಲ್ಲಿ ಇಂದ್ರಮ್ಮ ಕಣ್ಣೊರೆಸಿಕೊಂಡರು.

ವರ್ಷ ಕಳೆಯಿತು. ಚುನಾವಣೆಯ ಮಾತು ಮತ್ತೆ ಎದ್ದಾಗ ವಿಜಯ್‌ಕುಮಾರ್, ಸಂಜೆ ಪತ್ರಿಕೆಯೊಂದರ ವರದಿಗಾರ ವಸಂತ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಕಡಕೊಳಕ್ಕೆ ಹೋದರು. ಹೇಮಶ್ರೀಯೂ ಜೊತೆಗಿದ್ದರು. ಶೀಟಿನ ಮನೆಗಳಿಗೆ ಇಟ್ಟಿಗೆ ಗೋಡೆ ಬಂದಿತ್ತು. ಹಸು ಮಾತ್ರ ಒಂದೂ ಕಾಣಲಿಲ್ಲ.

"ಹಸು ಎಲ್ಲಮ್ಮಾ?"

"ಪಕ್ಕದ ಮರಿಯಯ್ಯಂಗೆ ಮಾರಿದ್ವಿ ಸರ್. ಅವ್ರು ಚೆನ್ನಾಗಿ ನೋಡ್ಕೊತಾರೆ. ಆ ದುಡ್ಡಲ್ಲಿ ಇವು ತಂದ್ವಿ." ಕಿಂಬೊಯ್ ದನಿಯಲ್ಲಿ ಅಂಜಿಕೆ ಇರಲಿಲ್ಲ. ಕೈ ತೋರಿಸಿದ ಕಡೆ, ಮನೆಯ ಹಿಂದೆ, ಹಂದಿಗಳ ದೊಡ್ಡಿ.

ವಿಜಯ್‌ಕುಮಾರ್ ದೊಡ್ಡಿಯತ್ತ ನೋಡುತ್ತಿರುವಾಗ ಒಬ್ಬಳು ಹುಡುಗಿ ಬಕೆಟ್ ಹಿಡಿದು ಬಂದು ಗಟ್ಟಿಯಾಗಿ ಕೂಗಿದಳು.

"ವಿಜಯ್‌ಕುಮಾರ್! ಬಾ, ಬಾ!"

"ಏನಮ್ಮಾ?" ಎಂದು ಅವರು ಒಂದು ಹೆಜ್ಜೆ ಮುಂದಿಟ್ಟರು. ಅವರ ಪ್ಯಾಂಟಿಗೆ ಮೈ ಉಜ್ಜಿಕೊಂಡೇ ಒಂದು ಭಾರಿ ಹಂದಿ ಬಕೆಟ್ಟಿನತ್ತ ನುಗ್ಗಿತು.

"ಮಕ್ಳು ಇಟ್ಟ ಹೆಸ್ರು ಸರ್," ಎಂದಳು ಕಿಂಬೊಯ್ ಖುಷಿಯಿಂದ. "ನಿಮ್ಮಿಂದ ಬಂತಲ್ಲ. ಅದ್ಕೇ ಎಲ್ಲಕ್ಕಿಂತ ದೊಡ್ಡದಕ್ಕೇ ಇಟ್ಟಿದಾರೆ."

ಹೇಮಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ಕಾರಿನ ಹಿಂದಕ್ಕೆ ಹೋದರು. ವಸಂತ್ ಮೊಬೈಲ್ ಎತ್ತಿದ.

"ಇದನ್ನ ಬರೀಬೇಡ ಕಣಪ್ಪಾ, ನಿನ್ನ ದಮ್ಮಯ್ಯ!" ಎಂದು ಅವನ ಕೈ ಹಿಡಿದುಕೊಂಡ ವಿಜಯ್‌ಕುಮಾರ್, ಕಿಂಬೊಯ್ ಕಡೆ ತಿರುಗಿದರು. "ಹೆಸರು ಬದಲಾಯಿಸೋಕಾಗಲ್ವೇನಮ್ಮಾ?"

"ಬೇರೆ ಹೆಸ್ರು ಕರೆದ್ರೆ ತಿರುಗೂ ನೋಡಲ್ಲ ಸರ್."

ಕೊನೆಗೆ ಮರಿಯಯ್ಯನ ಕೊಟ್ಟಿಗೆಯಿಂದ ಒಂದು ಹಸುವನ್ನು ಫೋಟೋಕ್ಕೆಂದು ಕೇಳಿ ತಂದರು. ಹಸು ಕೊಡಬೇಕಾದರೆ ಫೋಟೋದಲ್ಲಿ ತಾನೂ ನಿಲ್ಲಬೇಕೆಂದು ಮರಿಯಯ್ಯ ಹಟ ಹಿಡಿದ. ನಿಲ್ಲಿಸಿಕೊಂಡರು. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು, ಪಕ್ಕದ ಬಡಾವಣೆಯವರದಕ್ಕಿಂತ ದೊಡ್ಡದಾಗಿಯೇ. ಅಡಿಯಲ್ಲಿ, 'ಹಸು ಪಡೆದು ಬದುಕು ಕಟ್ಟಿಕೊಂಡ ನಿರಾಶ್ರಿತರೊಬ್ಬರೊಂದಿಗೆ ಸಮಾಜಸೇವಕ ವಿಜಯ್‌ಕುಮಾರ್' ಎಂದಿತ್ತು.

ಪತ್ರಿಕೆ ಕೈಸೇರಿದ ಕೂಡಲೇ ಮರಿಯಯ್ಯ ಫೋನು ಮಾಡಿದ. "ನಮ್ಮ ತಾತನ ಕಾಲದಿಂದ ಕಡಕೊಳದಲ್ಲಿರೋನು ನಾನು! ನನ್ನ ದುಡ್ಡು ಕೊಟ್ಟು ತಗಂಡಿರೋ ಹಸ ಅದು! ನಿರಾಶ್ರಿತ ಅಂತ ಎಂಗೆ ಹಾಕ್ಸುದ್ರಿ? ನಮ್ಮ ಬೀಗರೆಲ್ಲ ಫೋನ್ ಮಾಡಿ ಕೇಳ್ತಾವ್ರೆ!"

ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ವಿಜಯ್‌ಕುಮಾರರಿಗೆ ಸಾಕುಸಾಕಾಗಿತ್ತು. ಮುಂದಿನ ಸಭೆಯಲ್ಲಿ ಇಂದ್ರಮ್ಮ, ಈ ವರ್ಷ ಮನೆಗೆ ಎರಡೆರಡು ಹಸು ಕೊಡೋಣವೇ ಎಂದು ಉತ್ಸಾಹದಿಂದ ಕೇಳಿದರು. ಆ ಕಡೆಯಿಂದ ಯಾವ ತಕರಾರೂ ಬರುವುದಿಲ್ಲವೆಂದು ಹೇಮಶ್ರೀ ಮುಖ ಗಂಭೀರ ಮಾಡಿಕೊಂಡು ಭರವಸೆ ಕೊಟ್ಟರು.

"ಬ್ಯಾಡ ಬುಡ್ರೀ," ಎಂದರು ವಿಜಯ್‌ಕುಮಾರ್. "ಈ ಸಲ ಗಿಡ ನೆಡಣ."