ಕಿವಿಹರುಕನ ಬಲಗಿವಿ

ಕತ್ತರಿಯ ಒಂದು ಅಲಗು ಮೊಂಡಾಗಿತ್ತು. ಅದಕ್ಕೇ ಕಿರಿಮಗಳು ಪೇಪರನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಗೆರೆ ತಪ್ಪದ ಹಾಗೆ ಕತ್ತರಿಸುತ್ತಿದ್ದಳು. ಕೊನೆಯ ಪುಟದ ಚಿತ್ರಕಥೆ: ಒಂದರ ಕೆಳಗೊಂದು ನಾಲ್ಕು ಚೌಕ, ಒಂದು ಬೆಕ್ಕು. ಗೋಡೆಗೊರಗಿ ಕೂತ ಅಮ್ಮ ಅತ್ತಲೇ ಕಿವಿಯಿಟ್ಟಿದ್ದಳು. ಕಣ್ಣಿಗೆ ಪೊರೆ ಕವಿದ ಮೇಲೆ ಅವಳಿಗೆ ಕಾಣುತ್ತಿದ್ದದ್ದು ಬೆಳಕು ಮಾತ್ರ. ಕತ್ತರಿಯ ಸದ್ದು ನಿಲ್ಲುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಅದು ಆ ಮನೆಯ ಕಟ್ಟಳೆ.

"ಹೂಂ, ಓದು," ಅಂದಳು ಅಮ್ಮ.

ಮಗಳು ಓದಿದಳು. ಕಿವಿಹರುಕ ಅನ್ನುವ ಬೆಕ್ಕು ಹಾಲಿನ ಪಾತ್ರೆ ಉರುಳಿಸುತ್ತದೆ. ಮನೆಯೊಡತಿ ಸೌಟು ಎತ್ತಿ, "ನಿನ್ನ ಮುಖಕ್ಕೆ ಹಾಲು ಬೇರೆ ಕೇಡು!" ಅನ್ನುತ್ತಾಳೆ.

"ನೋಡಿದ್ಯಾ? ಮತ್ತೆ ನನ್ನ ಮಾತೇ ಕದ್ದಿದಾನೆ!" ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಗಟ್ಟಿಯಾಗಿದಾನೆ ಬಿಡು. ಇವತ್ತಿಂದು ಹೊಟ್ಟೆ ತುಂಬ ಉಂಡು ಬರೆದಿರೋದು."

ಬರೆಯುತ್ತಿದ್ದವನು ಅಪ್ಪ. ಕಿರಿಮಗಳ ಹಾಲುಹಲ್ಲು ಬೀಳುತ್ತಿದ್ದ ಕಾಲಕ್ಕೆ ಮನೆ ಬಿಟ್ಟವನು. ಹೊತ್ತು ಗೊತ್ತಿಲ್ಲದೆ ಬೆಕ್ಕು ಗೀಚುತ್ತ ಕೂತವನ ಮೇಲೆ ರೇಗಿ ಅಮ್ಮ ಒಂದು ದಿನ, "ಹೋಗು, ಆ ಬೆಕ್ಕಿನ ಜೊತೆನೇ ಸಂಸಾರ ಮಾಡು" ಅಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಹೋದ. ಒಂದು ಕಾಗದ ಬರೆಯಲಿಲ್ಲ. ಆದರೆ ಸ್ವಲ್ಪ ಕಾಲಕ್ಕೆ ಪೇಪರಿನ ಕೊನೆಯ ಪುಟದಲ್ಲಿ ಬೆಕ್ಕು ಬಂತು, ಅದರ ಒಡತಿಯ ಬಾಯಲ್ಲಿ ಅಮ್ಮನ ಬೈಗುಳವೂ ಬಂತು. ಅಲ್ಲಿಂದ ಅದೇ ಅವರಿಗೆ ಕ್ಷೇಮಸಮಾಚಾರ. ಪೇಪರಿನ ಆಫೀಸಿಗೆ ಹೋಗಿ ಕೇಳೋಣವೆಂದರೆ, "ಬರಬೇಕಾದವನು ಅವನು. ನಾನ್ಯಾಕೆ ಹುಡುಕ್ಕೊಂಡು ಹೋಗ್ಲಿ?" ಅಂತ ಅಮ್ಮನ ಹಟ. ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಣ್ಣನದು ಇನ್ನೊಂದು ರಾಗ: "ದಿನಾ ಹಾಜರಿ ಹಾಕ್ತಾನಲ್ಲ, ಇನ್ನೇನಂತೆ?"

ಅವತ್ತು ತುಂಡನ್ನು, ದಿನಾ ಕತ್ತರಿಸಿದ್ದನ್ನು ಕೂಡಿಡುವ ಟ್ರಂಕಿಗೆ ಹಾಕುವಾಗ ಕಿರಿಮಗಳ ಕೈ ನಿಂತಿತು. ಬೆಕ್ಕಿನ ಹರಿದ ಕಿವಿ ಬಲಗಡೆಗಿತ್ತು. ಟ್ರಂಕಿನ ತಳದಿಂದ ಹಳೆಯವನ್ನು ಎಳೆದಳು. ಎಡಗಡೆ. ಎಲ್ಲದರಲ್ಲೂ ಎಡಗಡೆ. ಹಾಲು ಉರುಳಿಸುವ ಹಳೆಯ ಚಿತ್ರವೂ ಸಿಕ್ಕಿತು. ಅದನ್ನು ಮಗುಚಿ, ಹೊಸದರ ಮೇಲಿಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಸೌಟಿನ ಮೇಲೆ ಸೌಟು, ಬಾಲದ ಮೇಲೆ ಬಾಲ, ಕೂದಲೆಳೆಯಷ್ಟೂ ತಪ್ಪದೆ ಕೂತವು. ಟ್ರಂಕನ್ನು ಮೇಲಿಂದ ತಳದ ತನಕ ಹುಡುಕಿದರೆ, ಕಿವಿ ಎಡದಿಂದ ಬಲಕ್ಕೆ ಹೋದದ್ದು ಅಣ್ಣ ಅಂಗಡಿ ತೆರೆದ ವರ್ಷ. ಆಗ ಅಮ್ಮನ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಅವಳು ಮಾತು ಓದುತ್ತಿದ್ದಳೇ ಹೊರತು ಕಿವಿ ನೋಡಿದವಳಲ್ಲ. ಬೈಗುಳ ಎರಡನೇ ಸಲ ಬಂದರೂ ಅನುಮಾನ ಪಡಲಿಲ್ಲ, ಅವಳೂ ಬೈದದ್ದನ್ನೇ ಬೈಯುವವಳು ತಾನೆ?

ಅಣ್ಣನ ಅಂಗಡಿಗೆ ದಾರ ತರುವ ನೆಪ ಹೇಳಿ ಕಿರಿಮಗಳು ಬಸ್ಸು ಹತ್ತಿದಳು.

ಪೇಪರಿನ ಆಫೀಸಿನ ಹಿಂಬದಿಯ ಕೋಣೆಯಲ್ಲಿ ಗೋಂದಿನ ವಾಸನೆ. ಪುಟಕ್ಕೆ ಚಿತ್ರ ಅಂಟಿಸುವ ಮುದುಕನನ್ನು ಎಲ್ಲರೂ ಅಂಟಪ್ಪ ಅನ್ನುತ್ತಿದ್ದರು. ಅವಳು ಎರಡೂ ತುಂಡುಗಳನ್ನು ಅವನ ಮುಂದಿಟ್ಟಳು.

"ಓ, ಹಳಸಲು ಬಡಿಸಿದ್ರಿ ಅಂತ ಜಗಳಕ್ಕೆ ಬಂದ್ಯಾ ತಾಯೀ?"

"ಇದನ್ನ ಬರೆದೋರು ನಮ್ಮಪ್ಪ."

ಅಂಟಪ್ಪನ ಕೈಯಲ್ಲಿದ್ದ ಕುಂಚ ಡಬ್ಬಿಗೆ ಬಿತ್ತು. ಸ್ಟೂಲನ್ನು ಅವಳ ಕಡೆ ತಳ್ಳಿದ. "ಕೂತ್ಕೋ."

"ಎಲ್ಲಿದಾರೆ?"

"ಇಲ್ಲೇ ಮಹಡಿ ಮೇಲೆ ಮಲಗ್ತಿದ್ದ. ಒಂದಿನ ಬೆಳಗ್ಗೆ ಏಳ್ಲಿಲ್ಲ. ನಾವೇ ನಾಲ್ಕು ಜನ ಹೊತ್ವಿ. ಊರು ಕೇರಿ ಯಾವುದೂ ಹೇಳಿದವನಲ್ಲ. ಕೇಳಿದ್ರೆ, 'ಮನೆಯೋರು ದಿನಾ ನನ್ನ ನೋಡ್ತಾರೆ, ಸಾಕು' ಅಂತಿದ್ದ." ಅಂಟಪ್ಪ ಬೆರಳಿಗೆ ಹತ್ತಿದ ಗೋಂದು ಉಜ್ಜಿದ. "ಬೆಕ್ಕು ನಿಂತ್ರೆ ಓದೋರು ಬಿಡ್ತಾರಾ? ಹಳೇದನ್ನ ತಿರುಗಿಸಿ ಹಾಕು ಅಂದ್ರು ಸಾಹೇಬ್ರು. ತಿರುಗಿಸಿದ್ರೆ ಅಕ್ಷರ ಉಲ್ಟಾ ಆಗುತ್ತಲ್ಲ, ಮಾತನ್ನೆಲ್ಲ ಹೊಸದಾಗಿ ಬರೆದು ಅಂಟಿಸ್ದೆ. ಒಂದಕ್ಷರ ಬದಲಾಯಿಸ್ಲಿಲ್ಲ. ಅಕ್ಷರ ನೆಟ್ಟಗೆ ಮಾಡ್ದೆ, ಕಿವಿ ಮರೆತೆ."

"ಪೇಪರಲ್ಲಿ ಒಂದು ಸಾಲು ಹಾಕ್ಬೋದಿತ್ತಲ್ಲ?"

"ಹಾಕಿದ್ರೆ, ಹಾಗಾದ್ರೆ ಈಗ ಬರೆಯೋರು ಯಾರು ಅಂತ ಕೇಳ್ತಿದ್ರು."

ಅವಳು ಎದ್ದಳು. ಬಾಗಿಲ ತನಕ ಬಂದ ಅಂಟಪ್ಪ ತಲೆ ಎತ್ತದೆ ಹೇಳಿದ: "ಇನ್ನೊಂದು ಮಾತು. ನಾಳೆಯಿಂದ ಬೆಕ್ಕು ಇರಲ್ಲ. ಆ ಜಾಗ ಜಾಹೀರಾತಿಗೆ ಹೋಯ್ತು."

ಅಣ್ಣನ ಅಂಗಡಿಯಲ್ಲಿ ಮಿಷನ್ ಸದ್ದಿನ ನಡುವೆಯೇ ಎಲ್ಲವನ್ನೂ ಹೇಳಿದಳು. ಅವನು ತುಳಿಯುತ್ತಲೇ ಇದ್ದ. ಬಟ್ಟೆ ಮುಗಿದು ಸೂಜಿ ಬರೀ ಗಾಳಿ ಹೊಲಿಯುತ್ತಿತ್ತು.

"ಅಮ್ಮಂಗೆ ನೀನು ಹೇಳು," ಅಂದ ಕೊನೆಗೆ. "ನೀನೇ ಅಲ್ವಾ ದಿನಾ ಓದೋಳು?"

"ನೀನು ದೊಡ್ಡೋನು."

"ದೊಡ್ಡೋನು ಅಂತ ನಾನೇ ಅವಳ ಕೊರಳು ಕುಯ್ಯಲಾ?"

ಮಾರನೆಯ ಬೆಳಗ್ಗೆ ಅಣ್ಣ ಅಂಗಡಿಗೆ ಹೋಗದೆ ಹೊಸ್ತಿಲಲ್ಲೇ ಕೂತ. ಪೇಪರಿನ ಕೊನೆಯ ಪುಟದಲ್ಲಿ, ಬೆಕ್ಕಿದ್ದ ಕಡೆ, ಚಪ್ಪಲಿಯ ಜಾಹೀರಾತು. ಅಮ್ಮ ಗೋಡೆಗೊರಗಿ ಕಾಯುತ್ತಿದ್ದಳು. ಕಿರಿಮಗಳು ಕತ್ತರಿ ತೆಗೆದುಕೊಂಡಳು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಚಪ್ಪಲಿಯ ಸುತ್ತ, ಗೆರೆ ತಪ್ಪದ ಹಾಗೆ, ಕತ್ತರಿಸಿ ಮುಗಿಸಿದ್ದಳು.

ಸದ್ದು ನಿಂತಿತು.

"ಹೂಂ, ಓದು."

ಮಗಳು ಅಣ್ಣನ ಕಡೆ ನೋಡಿದಳು. ಅವನು ಬೀದಿಯ ಕಡೆ ನೋಡುತ್ತಿದ್ದ.

ಅಮ್ಮ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದಳು. ನಗುವುದಕ್ಕೆ ಮೊದಲೇ ಸೆರಗು ಕೈಗೆ ಬಂದಿತ್ತು.

"ಓದೇ, ಇವತ್ತು ನಾನು ಏನಂತ ಬೈದಿದೀನಿ?"