ಕಸ ಹುಟ್ಟದ ಹೊಲ

ಮೈಮುನಬಿ ಬಳ್ಳಿಯನ್ನು ಎರಡೂ ಕೈಯಿಂದ ಸರಿಸಿ ನೆಲ ನೋಡಿದಳು. ಮೆಕ್ಕೆಜೋಳದ ಸಾಲುಗಳ ನಡುವೆ ಅಲಸಂದಿ ಎಷ್ಟು ದಟ್ಟವಾಗಿ ಹಬ್ಬಿತ್ತೆಂದರೆ ಮಣ್ಣಿಗೆ ಬಿಸಿಲಿನ ಪರಿಚಯವೇ ಇರಲಿಲ್ಲ. ಹುಡುಕಿದ ಮೇಲೆ ಜೇಕು ಹುಲ್ಲಿನ ಒಂದು ಎಸಳು ಸಿಕ್ಕಿತು. ಬಿಳಿಚಿಕೊಂಡು, ಜ್ವರ ಬಂದ ಕೂಸಿನ ಹಾಗೆ ಮಲಗಿತ್ತು.

"ಸಿಕ್ತೇನ ಆಪಾ?" ಬದುವಿನ ಮೇಲಿಂದ ಚಾಂದಬೀ ಕೇಳಿದಳು. "ಎಂಟು ಮಂದಿ ಅದೀವಿ. ಎಲ್ಲಾರೂ ಹಿಡಕೊಂಡು ಜಗ್ಗೂಣು."

ಉಳಿದವರು ನಕ್ಕರು. ಮೈಮುನಬಿ ನಗಲಿಲ್ಲ.

ಹುಲಿಹೈದರದಲ್ಲಿ ಕಸ ತೆಗೆಯುವ ಈ ಎಂಟು ಹೆಂಗಸರಿಗೆ ಅವಳೇ ಮುಂದಾಳು. ಬೆಳಿಗ್ಗೆ ಬಾಗಿಲು ಬಡಿದು ಎಬ್ಬಿಸುವವಳು, ಹೊಲದವರ ಹತ್ತಿರ ಮಾತು ಮುಗಿಸುವವಳು, ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವಳು. ಸಾವಕಾರ ಕರಿಬಸಪ್ಪನ ಹೊಲವೊಂದೇ ಆಷಾಢದಿಂದ ದಸರೆಯ ತನಕ ಎಂಟು ಒಲೆ ಉರಿಸುತ್ತಿತ್ತು. ಕೂಲಿಯ ಜೊತೆಗೆ ಕಿತ್ತ ಹುಲ್ಲೂ ಕಿತ್ತವರದೇ. ಸಂಜೆ ತಲೆಯ ಮೇಲೊಂದು ಹೊರೆ, ಮನೆಯಲ್ಲಿ ಆಡುಗಳಿಗೆ ಹಬ್ಬ. ಬದುವಿನ ಹುಲ್ಲು ಮಾತ್ರ ಸಾವಕಾರರ ಎಮ್ಮೆಗೆ. ಈ ವರ್ಷ ಕರಿಬಸಪ್ಪ ಒಂದು ದಿನವೂ ಕರೆದಿರಲಿಲ್ಲ. ನಿನ್ನೆ ಹೇಳಿಕಳಿಸಿದ್ದ: "ಎಂಟೂ ಮಂದಿ ಬರ್ರಿ, ಕುರ್ಪಿ ತಗೊಂಡು ಬರ್ರಿ."

ಕಸ ಕೀಳುವ ಕುರ್ಪಿ ಬೇಕಾಗಿದ್ದದ್ದು ಫೋಟೋಕ್ಕೆ. ಇವತ್ತು ಕ್ಷೇತ್ರೋತ್ಸವ. ಕಸವನ್ನು ಬೆಳೆಯಿಂದಲೇ ಅಡಗಿಸಿದ ರೈತನ ಹೊಲ ನೋಡಲು ಕನಕಗಿರಿಯಿಂದ ಅಧಿಕಾರಿಗಳು ಬಂದಿದ್ದರು. ಶಾಮಿಯಾನದ ಹಿಂದೆ ಫ್ಲೆಕ್ಸು ಕಟ್ಟಿತ್ತು. ಎಡಕ್ಕೆ 'ಮೊದಲು' ಎಂಬ ಚಿತ್ರ: ಹೊಲದ ತುಂಬ ಕಸ, ಕಸದಲ್ಲಿ ಬಗ್ಗಿದ ಹೆಂಗಸರ ಸಾಲು. ಬಲಕ್ಕೆ 'ಈಗ': ಹಚ್ಚಗಿನ ಹೊಲ, ಒಂದು ನರಪಿಳ್ಳೆಯೂ ಇಲ್ಲ. ಎಡಗಡೆಯ ಚಿತ್ರದಲ್ಲಿ ತನ್ನ ಬೆನ್ನನ್ನು ಮೈಮುನಬಿ ಸೀರೆಯಿಂದ ಗುರುತು ಹಿಡಿದಳು.

ಅವಳಿಗೆ ಹೆದರಿಕೆಯಿದ್ದದ್ದು ಬೇರೆ. ಅಲಸಂದಿ ಬೀಜ ಕೊಟ್ಟವಳು ಅವಳೇ. ಇದು ಕರಿಬಸಪ್ಪನಿಗೆ ಗೊತ್ತು, ಉಳಿದ ಏಳು ಮಂದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಹೋದ ವರ್ಷ ಕರಿಬಸಪ್ಪ ಕಸ ಸುಡುವ ಎಣ್ಣೆಯ ಡಬ್ಬಿ ತಂದು ಪಡಸಾಲೆಯಲ್ಲಿಟ್ಟಿದ್ದ. ಅದು ಹೊಲಕ್ಕೆ ಬಿದ್ದರೆ ಕೂಲಿಯೂ ಇಲ್ಲ, ಆ ಹುಲ್ಲು ತಿಂದ ಆಡೂ ಉಳಿಯುವುದಿಲ್ಲ. ಮೈಮುನಬಿ ಇಡೀ ರಾತ್ರಿ ಲೆಕ್ಕ ಹಾಕಿ, ತವರಿನ ಬಳ್ಳಿ ಅಲಸಂದಿಯ ಬೀಜ ಒಯ್ದು ಕೊಟ್ಟಳು. "ಸಾಲಿನ ನಡುವ ಇದನ್ನ ಹಾಕ್ರಿ ಸಾವಕಾರ್ರ. ಕಸ ಕಡಿಮಿ ಆಕ್ಕೈತಿ, ಎಣ್ಣಿ ಯಾಕ?" ಎಂದಳು. ಅಲಸಂದಿ ಇದ್ದ ಹೊಲಕ್ಕೆ ಆ ಎಣ್ಣೆ ಹೊಡೆಯುವಂತಿಲ್ಲ, ಬಳ್ಳಿಯೂ ಸಾಯುತ್ತದೆ. ಕಡೆಗೆ ಕಸಕ್ಕೆ ತಮ್ಮನ್ನೇ ಕರೆಯಬೇಕು. ಇದು ಅವಳ ಉಪಾಯ. ತವರಿನ ಕೆಂಪು ಮಸಾರಿ ಮಣ್ಣಿನಲ್ಲಿ ಆ ಬಳ್ಳಿ ಮೊಳದುದ್ದ ಹರಿದು ಸುಸ್ತಾಗುತ್ತಿತ್ತು. ಕರಿಬಸಪ್ಪನ ಕಪ್ಪು ಎರೆಮಣ್ಣಿನಲ್ಲಿ, ಕುರಿಗೊಬ್ಬರ ಉಂಡು, ಅದು ಕೌದಿ ಹೊದಿಸಿದಂತೆ ಹಬ್ಬಿತು. ಮೊದಲ ವರ್ಷ ಎಣ್ಣೆಯ ಡಬ್ಬಿ ಮುಟ್ಟದೆ, ಒಂದು ತುಂಡು ಹೊಲದಲ್ಲಿ ಹಾಕಿ ನೋಡಿದ ಕರಿಬಸಪ್ಪ ಈ ವರ್ಷ ಇಡೀ ಹೊಲಕ್ಕೆ ಹಾಕಿಬಿಟ್ಟ.

ಮೈಕು ಹಿಡಿದ ಕೃಷಿ ಅಧಿಕಾರಿ ರುದ್ರೇಶ ಸಾಹೇಬರು ನೆಲಕ್ಕೆ ನೆರಳು ಬಿದ್ದರೆ ಕಸದ ಬೀಜ ಹೇಗೆ ಏಳಲಾರದು ಎಂಬುದನ್ನು ಚೆನ್ನಾಗಿಯೇ ವಿವರಿಸಿದರು. ಆಮೇಲೆ ಕೇಳಿದರು: "ಈ ವಿಚಾರ ನಿಮಗ ಹೆಂಗ ಹೊಳೀತು ಕರಿಬಸಪ್ಪನವರ?"

ತನಗೇ ಹೊಳೆಯಿತು ಅಂತ ಅವನು ಅನ್ನಲಿ ಎಂದು ಮೈಮುನಬಿ ಮನಸ್ಸಿನಲ್ಲೇ ಬೇಡಿಕೊಂಡಳು. ಊರಿನಲ್ಲಿ ಕರಿಬಸಪ್ಪನಷ್ಟು ಪ್ರಾಮಾಣಿಕ ಮನುಷ್ಯ ಇನ್ನೊಬ್ಬನಿರಲಿಲ್ಲ, ಅದೇ ತೊಂದರೆಯಾಯಿತು.

"ನಂದೇನೂ ಇಲ್ರಿ. ಬೀಜ ಕೊಟ್ಟಾಕಿ, ಹೆಂಗ ಹಾಕಬೇಕಂತ ಹೇಳಿದಾಕಿ ಅಲ್ಲೇ ಕುಂತಾಳ ನೋಡ್ರಿ. ಏಳವ್ವ ಮೈಮುನಬಿ, ಯಾಕ ನಾಚ್ತಿ?"

ಸಾಹೇಬರು ತಮಗೆ ಹಾಕಿದ್ದ ಚೆಂಡುಹೂವಿನ ಹಾರ ತೆಗೆದು ಅವಳ ಕೊರಳಿಗೆ ಹಾಕಿದರು. ಹಿಟ್ನಾಳ ಕಡೆಯ ಇಬ್ಬರು ರೈತರು ಅಲ್ಲಿಯೇ ಬೀಜ ಕೇಳಿದರು. ಶಾಮಿಯಾನದ ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ಏಳು ಮಂದಿಯನ್ನು ಬಿಟ್ಟು. ಅವರ ಕೈಯಲ್ಲಿ ಕುರ್ಪಿಗಳಿದ್ದವು.

ಊಟವಾದ ಮೇಲೆ ಅವಳು ಕರಿಬಸಪ್ಪನನ್ನು ಎಮ್ಮೆಯ ಹತ್ತಿರ ಹಿಡಿದಳು. "ಸಾವಕಾರ್ರ, ನಮ್ಮ ಕೆಲಸ?"

"ಕಸಾನ ಇಲ್ಲಲ್ಲವ್ವ." ಅವನ ಮುಖ ನಿಜಕ್ಕೂ ಸಣ್ಣಗಾಯಿತು. "ಇದ್ದಿದ್ರ ಬ್ಯಾರೇದವರನ್ನ ಕರೀತಿದ್ನೇನು?"

ಬದುವಿನ ಮೇಲೆ ಏಳು ಮಂದಿ ಕಾಯುತ್ತಿದ್ದರು. ಕಾಯುತ್ತಿದ್ದದ್ದು ಒಂದು ಪ್ರಶ್ನೆ ಕೇಳಲಿಕ್ಕೆ.

"ಖರೇನ ನೀನ ಕೊಟ್ಟಿ?" ಎಂದಳು ಚಾಂದಬೀ. ಈ ಸಲ ಆಪಾ ಅನ್ನಲಿಲ್ಲ.

"ಎಣ್ಣಿ ಹೊಡೀಲಿಕ್ಕೆ ನಿಂತಿದ್ರು ಚಾಂದ. ಅದನ್ನ ತಪ್ಪಿಸಾಕ ಕೊಟ್ಟೆ. ಹಿಂಗ ಹಬ್ಬತೈತಂತ ಯಾರಿಗೆ ಗೊತ್ತಿತ್ತು?"

"ಹೊಡದಿದ್ರ ಎಣ್ಣಿನ್ನ ಬೈಕೊಂತ ಇರ್ತಿದ್ವಿ," ಎಂದಳು ಚಾಂದಬೀ. "ಈಗ ಯಾರನ್ನ ಬೈಯೂಣು?"

ಅವರಲ್ಲಿ ಚಿಕ್ಕವಳಾದ ದಾನೇಶ್ವರಿ ಏನೋ ಹೇಳಲು ಬಾಯಿ ತೆರೆದು, ಚಾಂದಬೀಯ ಮುಖ ನೋಡಿ ಸೆರಗು ಸರಿಮಾಡಿಕೊಂಡಳು. ಏಳೂ ಮಂದಿ ಎದ್ದು ನಡೆದರು. ಮೈಮುನಬಿ ಮುಂದಕ್ಕೆ ಹೋಗಲು ನಾಲ್ಕು ಹೆಜ್ಜೆ ಬೇಗ ಹಾಕಿದಳು. ಯಾರೂ ದಾರಿ ಬಿಡಲಿಲ್ಲ. ಹಳ್ಳ ದಾಟುವ ಹೊತ್ತಿಗೆ ಅವಳು ಬಹಳ ಹಿಂದೆ ಉಳಿದಿದ್ದಳು.

ಮನೆಯಲ್ಲಿ ಆಡು ಅವಳ ಸಪ್ಪಳಕ್ಕೆ ಎದ್ದು ನಿಂತಿತು. ತಲೆಯ ಮೇಲೆ ಹೊರೆಯಿಲ್ಲದ್ದನ್ನು ನೋಡಿ ಕೈ ಮೂಸಿತು, ಸೆರಗು ಮೂಸಿತು, ಆಮೇಲೆ ಕೊರಳಿನ ಹಾರಕ್ಕೆ ಬಾಯಿ ಹಾಕಿತು. ತೆಗೆಯುವುದನ್ನೇ ಮರೆತಿದ್ದಳು. ತೆಗೆದು ಅದರ ಮುಂದೆ ಹಾಕಿದಳು. ಆಡು ಒಂದೊಂದೇ ಹೂವು ಕಿತ್ತುಕೊಂಡು, ಕಣ್ಣು ಅರ್ಧ ಮುಚ್ಚಿ, ಸಾವಕಾಶವಾಗಿ ತಿಂದಿತು.

ಹೂವು ಮುಗಿದ ಮೇಲೆ ದಾರವನ್ನೂ ನುಂಗತೊಡಗಿತು. ಮೈಮುನಬಿ ಕುಕ್ಕರಗಾಲಲ್ಲಿ ಕೂತು ಅದರ ದವಡೆ ಹಿಡಿದು, ತುಂಡಾಗದಂತೆ, ದಾರವನ್ನು ಗೇಣು ಗೇಣಾಗಿ ಹೊರಕ್ಕೆ ಎಳೆಯುತ್ತಾ ಹೋದಳು.