ನೆನೆಹಾಕಿದ ಅಕ್ಕಿ

‘ಊಂ’ ಎಂದು ಫೋನ್ ಕೆಳಗಿಟ್ಟ ಮೇಲೆ ಕೋಮಲಳಿಗೆ ತಾನು ಯಾವುದಕ್ಕೆ ಒಪ್ಪಿಕೊಂಡೆ ಎಂಬುದು ಹೊಳೆಯಿತು.

ತಮ್ಮ ರಾಜು ಟಿ. ನರಸೀಪುರದಿಂದ ಮಾತಾಡಿದ್ದ. ಇವತ್ತು ಅವನ ಮಗುವಿಗೆ ಹೆಸರಿಡುತ್ತಾರೆ, ಅಕ್ಕ ಹೊರಟಳೇ ಎಂದು ಅವ್ವ ಬೆಳಗಿನಿಂದ ಕೇಳುತ್ತಿದ್ದಾಳೆ, ಕವನಳನ್ನೂ ಕರೆದುಕೊಂಡು ಬಾ ಎಂದಿದ್ದ. ತಲೆನೋವು ಎಂದು ಹೇಳಿ ತಪ್ಪಿಸಿಕೊಳ್ಳುವುದೆಂದು ಅವಳು ನಿನ್ನೆಯೇ ತೀರ್ಮಾನಿಸಿದ್ದಳು. ಹೇಳಬೇಕಾದ ವಾಕ್ಯವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅದು ಬಾಯಿಗೆ ಬರುವ ಮೊದಲೇ ‘ಊಂ’ ಬಂದಿತ್ತು.

ಹೋಗುವುದಿಲ್ಲ ಎಂದಿದ್ದೆಯಲ್ಲ ಎಂದು ಗಂಡ ರುದ್ರೇಶ್ ಪೇಪರಿನಿಂದ ತಲೆಯೆತ್ತಿ ಕೇಳಿದ. ಮನಸ್ಸು ಬದಲಾಯಿತು ಎಂದಳು. ಬದಲಾಗುವಂಥದ್ದೇನೂ ಅಲ್ಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಒಳ್ಳೆಯವನು. ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಅಡುಗೆ ಮಾಡುತ್ತಾನೆ. ಮಾತ್ರೆ ತಗೊಂಡೆಯಾ ಎಂದು ಕೇಳುತ್ತಾನೆ. ಕೇಳಿ, ಉತ್ತರಕ್ಕೆ ಕಾಯುತ್ತಾನೆ. ಆ ಕಾಯುವುದೇ ಅವಳಿಗೆ ಭಾರ.

ನಂಜನಗೂಡಿನ ಪಿಯು ಕಾಲೇಜೊಂದರಲ್ಲಿ ಅವಳು ಜೀವಶಾಸ್ತ್ರ ಕಲಿಸುತ್ತಾಳೆ. ಬಿಸಿ ತಾಗಿದ ಕೈ ಮಿದುಳನ್ನು ಕೇಳದೆ ಹಿಂದಕ್ಕೆ ಬರುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಾಳೆ. ತನ್ನ ‘ಊಂ’ ಕೂಡ ಅದೇ ದಾರಿಯಲ್ಲಿ ಬರುತ್ತದೆ ಎಂದು ಈಚೆಗೆ ಅನ್ನಿಸತೊಡಗಿದೆ. ರಜೆ ಹಾಕಿದವರ ತರಗತಿಗಳಿಗೆ ಊಂ. ಯಾರಿಗೂ ಬೇಡವಾದ ಪರೀಕ್ಷಾ ಕೆಲಸಕ್ಕೆ ಊಂ. ಕೋಮಲ ಮೇಡಂ ತುಂಬ ಅಡ್ಜಸ್ಟ್ ಮಾಡ್ಕೋತಾರೆ ಎಂದು ಸ್ಟಾಫ್ ರೂಮಿನಲ್ಲಿ ಹೊಗಳುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ರುದ್ರೇಶ್ ಮನೆಗೆ ಬರುವವರೆಗೂ ಹಾಗೆಯೇ ಕೂತಿದ್ದಳು. ಅಳುತ್ತಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು. ಇನ್ನೊಂದನ್ನು ಯಾಕೆ ಹಾಕಿಕೊಳ್ಳಬೇಕು ಎಂಬುದಕ್ಕೆ ಕಾರಣ ಸಿಕ್ಕಿರಲಿಲ್ಲ, ಅಷ್ಟೆ.

ಮೈಸೂರಿನ ಡಾಕ್ಟರು ಬಾಲ್ಯ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಎಂದಳು.

“ಮನೇಲಿ ಯಾರಾದ್ರೂ ಹೊಡೀತಿದ್ರಾ?”

“ಇಲ್ಲ. ಮಾತೇ ಆಡ್ತಿರ್ಲಿಲ್ಲ.”

ಡಾಕ್ಟರು ಮುಂದಿನ ಮಾತಿಗೆ ಕಾದರು. ಅವಳು ನಕ್ಕಳು. ಅವರು ಮಾತ್ರೆ ಬರೆದುಕೊಟ್ಟರು.

ಬಸ್ಸಿನಲ್ಲಿ ಆರು ವರ್ಷದ ಕವನ ಕಿಟಕಿ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಪ್ರಶ್ನೆ ಕೇಳಿದಳು. ಕಬ್ಬಿನ ಲಾರಿ ಯಾಕೆ ಅಷ್ಟೊಂದು ವಾಲುತ್ತದೆ, ನಾಲೆಯ ನೀರು ರಾತ್ರಿಯೂ ಹರಿಯುತ್ತದೆಯೇ, ಮುಂದಿನ ಸೀಟಿನ ತಾತ ನಿದ್ದೆಯಲ್ಲಿ ಯಾರ ಜೊತೆ ಮಾತಾಡುತ್ತಿದ್ದಾರೆ. ಒಂದು ಉತ್ತರದಿಂದ ತೃಪ್ತಿಯಾಗದಿದ್ದರೆ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಿದ್ದಳು. ಈ ಧೈರ್ಯ ಇವಳಿಗೆ ಎಲ್ಲಿಂದ ಬಂತು ಎಂದು ಕೋಮಲ ಯೋಚಿಸಿದಳು. ರುದ್ರೇಶನಿಂದ ಇರಬೇಕು.

ಕೋಮಲ ಬೆಳೆದದ್ದು ನರಸೀಪುರದ ಹತ್ತಿರದ ಸೋಸಲೆಯಲ್ಲಿ. ಅಪ್ಪ ಸಿದ್ದಮಲ್ಲಪ್ಪ ಅಲ್ಲಿ ಮೇಷ್ಟ್ರಾಗಿದ್ದರು. ಊರಿಗೆಲ್ಲ ಮೃದು ಮನುಷ್ಯ. ಹೆಂಡತಿಯ ಮೇಲೆ ಮುನಿಸಿಕೊಂಡರೆ ಮಾತ್ರ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು. ಆಗ ಮಾತು ಸಾಗಿಸುವ ಕೆಲಸ ಮಗಳದು. ಅಪ್ಪ ಊಟಕ್ಕೆ ಕೂತು, ಎದುರಿಗೇ ನಿಂತ ಹೆಂಡತಿಯತ್ತ ನೋಡದೆ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಿಮ್ಮವ್ವನಿಗೆ ಹೇಳು ಎನ್ನುತ್ತಿದ್ದರು. ಅವಳು ಹೇಳುತ್ತಿದ್ದಳು. ಬೇಕಿದ್ದರೆ ನೀರು ಹುಯ್ದುಕೊಂಡು ಉಣ್ಣಲಿ ಎಂದು ಹೇಳು ಎನ್ನುತ್ತಿದ್ದಳು ಅವ್ವ. ಅದನ್ನು ಹಾಗೆಯೇ ದಾಟಿಸಿದರೆ ಮುನಿಸು ಇನ್ನೂ ಬೆಳೆಯುತ್ತದೆ ಎಂದು ಅವಳು ಬೇಗ ಕಲಿತಳು. ‘ನಾಳೆ ಕಮ್ಮಿ ಹಾಕ್ತಾಳಂತೆ’ ಎನ್ನುತ್ತಿದ್ದಳು. ಎರಡು ಕಡೆಯ ಮಾತನ್ನೂ ನುಣ್ಣಗೆ ಅರೆದು ದಾಟಿಸುತ್ತ ದಾಟಿಸುತ್ತ, ಮೂರನೆಯದೊಂದು ಮಾತು ತನಗೂ ಇರಬಹುದೆಂಬುದು ಅವಳಿಗೆ ತೋಚಲೇ ಇಲ್ಲ.

ರಾಜುವಿನ ಮನೆ ನೆಂಟರಿಂದ ತುಂಬಿತ್ತು. ಮಗುವಿಗೆ ಹೆಸರಿಟ್ಟಾಯಿತು. ಅದು ಅತ್ತಿತು, ಎಲ್ಲರೂ ನಕ್ಕರು. ಕೋಮಲಳೂ ಉಳಿದವರನ್ನು ನೋಡಿ ನಕ್ಕಳು. ತೊಟ್ಟಿಲ ಪಕ್ಕದ ಚಾಪೆಯ ಮೇಲೆ ಅವ್ವ ಶಿವನಂಜಮ್ಮ, ನೆರೆಮನೆಯ ಮಂಗಳಮ್ಮನ ಜೊತೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಅಪ್ಪ ಹೋದ ಮೇಲೆ ಅವ್ವ ಮೈಕೈ ತುಂಬಿಕೊಂಡಿದ್ದಾಳೆ. ಮಾತೂ ಹೆಚ್ಚಾಗಿದೆ.

ಮಗುವಿನ ಸೊಂಟಕ್ಕೆ ದಾರ ಯಾಕೆ, ಕೆನ್ನೆಗೆ ಕಪ್ಪು ಯಾಕೆ ಎಂದು ಕವನ ಅಜ್ಜಿಯನ್ನು ಪೀಡಿಸುತ್ತಿದ್ದಳು. ಬಲು ಚೂಟಿ ಕೂಸು ಎಂದು ಮಂಗಳಮ್ಮ ಮೆಚ್ಚಿಕೊಂಡಳು.

“ಇವ್ರವ್ವ ಇಂಗಿರ್ಲಿಲ್ಲ ಕನಾ ಮಂಗಳವ್ವ,” ಎಂದಳು ಅವ್ವ. “ಬಾ ಅಂದ್ರೆ ಬಂದ್ಬುಡದು. ಯಾಕೆ ಎತ್ತ ಅಂತ ಕೇಳ್ತಿರ್ಲಿಲ್ಲ. ಒಂದ್ಸಲ ಸಾಯಕ್ಕೆ ಅಂತ ಒಳೆಗೆ ಕರ್ಕಂಡೋಗಿದ್ದೆ. ನೀರ್‍ಗೂ ಇಳ್ದಿದ್ದೊ. ನಾನ್ ಓಯ್ತಾ ಇವ್ನಿ, ನೀನೂ ಬತ್ತೀಯಾ ಕೂಸೇ ಅಂದೆ. ಊಂ ಅಂತು. ಅಂಗಿತ್ತು ಮಗ.”

ಚಾಪೆಯ ಮೇಲಿದ್ದ ಹೆಂಗಸರು ಲೊಚಗುಟ್ಟಿದರು. ಆಮೇಲೆ ಯಾರೋ ಸಣ್ಣಗೆ ನಕ್ಕರು, ಅವ್ವನೂ ನಕ್ಕಳು. ಎಷ್ಟೋ ಸಲ ಹೇಳಿ ಹದವಾದ ಕಥೆಯಂತೆ ಅದು ಕೇಳಿಸಿತು. ತಾನು ಇಷ್ಟು ವರ್ಷ ಗುಟ್ಟೆಂದು ಕಾಪಾಡಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು ಎಂದು ಕೋಮಲಳಿಗೆ ಈಗ ತಿಳಿಯಿತು.

“ನಿಂಗೆ ಗ್ಯಪ್ತಿ ಇದ್ದದಾ ಮಗ?” ಎಂದಳು ಮಂಗಳಮ್ಮ.

“ಇಲ್ಲ,” ಎಂದು ಕೋಮಲ ಪಾಯಸದ ಪಾತ್ರೆ ಎತ್ತಿಕೊಂಡು ಬಡಿಸಲು ಹೋದಳು.

ಎಲ್ಲ ನೆನಪಿತ್ತು. ಕೈಕೂಸಾಗಿದ್ದ ರಾಜುವನ್ನು ಅವ್ವ ಊಟಕ್ಕೆ ಬಂದು ಮಲಗಿದ್ದ ಅಪ್ಪನ ಪಕ್ಕದಲ್ಲಿ ಮಲಗಿಸಿ ಬಂದಿದ್ದಳು. ಮಧ್ಯಾಹ್ನದ ಬಿಸಿಲಿಗೆ ಮೇಲಿನ ನೀರು ಬೆಚ್ಚಗಿತ್ತು, ಕಾಲ ಕೆಳಗೆ ತಣ್ಣಗಿತ್ತು. ಅವ್ವನ ಕೈ ಜಾರುತ್ತಿತ್ತು. ಸಾಯುವುದೆಂದರೇನು ಎಂದು ಕವನಳಷ್ಟೇ ಇದ್ದ ಆ ಮಗುವಿಗೆ ತಿಳಿದಿತ್ತು. ಅದೇ ವಾರ ಸತ್ತ ಪಕ್ಕದ ಮನೆಯ ಅಜ್ಜಿಯನ್ನು ಹೂಳಲು ಕೂರಿಸಿಕೊಂಡು ಹೋದದ್ದನ್ನು ನೋಡಿತ್ತು. ಬರುವುದಿಲ್ಲ ಎಂದು ಹೇಳಬಹುದೆಂಬುದು ತಿಳಿದಿರಲಿಲ್ಲ.

ಮನೆಗೆ ಬಂದಾಗ ಅಪ್ಪ, ಎಲ್ಲಿಗೆ ಹೋಗಿದ್ದಿರಿ ಎಂದು ನಿಮ್ಮವ್ವನನ್ನು ಕೇಳು ಎಂದರು. ಕೇಳಿದಳು. ಬಟ್ಟೆ ಒಗೆಯಲು ಎಂದು ಹೇಳು ಎಂದಳು ಅವ್ವ. ಹೇಳಿದಳು. ಇಬ್ಬರ ಲಂಗ ಸೀರೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಟ್ಟೆಯ ಗಂಟು ಎಲ್ಲೂ ಇರಲಿಲ್ಲ. ಅಪ್ಪ ನೆಲದ ಮೇಲಿನ ನೀರನ್ನು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋದರು.

ರಾಜುವಿನ ಮನೆಯಲ್ಲಿ ಊಟ ಮುಗಿದ ಮೇಲೆ ಅವ್ವ ಹಿತ್ತಲಲ್ಲಿ ಒಬ್ಬಳೇ ಕೂತು ಉಳಿದ ಬಾಳೆಲೆ ಒರೆಸಿ ಜೋಡಿಸುತ್ತಿದ್ದಳು. ಕೋಮಲ ಪಕ್ಕದಲ್ಲಿ ಕೂತಳು. ತಾನೂ ಒಂದು ಎಲೆ ಒರೆಸಿದಳು. ಈ ಪ್ರಶ್ನೆ ಕೇಳುವುದಕ್ಕೇ ತಾನು ಮೂವತ್ತು ವರ್ಷ ಬದುಕಿದ್ದೆನೇನೋ ಎಂದು ಒಂದು ಕ್ಷಣ ಅನ್ನಿಸಿತು.

“ಅವತ್ತು ಯಾಕೆ ವಾಪಸ್ ಬಂದೆ ಅವ್ವ?”

“ಯಾವತ್ತು?”

“ಹೊಳೆಯಿಂದ.”

ಅವ್ವ ಎಲೆಯ ತೊಟ್ಟು ಮುರಿದಳು. ಅವಳು ಯೋಚಿಸುತ್ತಿದ್ದುದು ನಿಜ. ಮುಖದಲ್ಲಿ ಮರೆಮಾಚುವ ಯಾವ ಗುರುತೂ ಇರಲಿಲ್ಲ.

“ಅಕ್ಕಿ ನೆನಾಕಿದ್ದೆ ಕನವ್ವ, ದೋಸಗೆ. ನೀರ್‍ನಲ್ಲಿ ನಿಂತಿದ್ದಾಗ ಗ್ಯಪ್ತಿಗೆ ಬಂತು. ರುಬ್ಬೋರ್‍ಯಾರು ಅನ್ನುಸ್ತು.”

“ಅಷ್ಟೇನಾ?”

“ಇನ್ನೇನು ಮತ್ತೆ. ನೀ ಯಾಕಿಂಗ್ ಬಡವಾಗಿದ್ದೀಯೆ, ಉಣ್ಣಕಿಲ್ವ ಸರ್‍ಯಾಗಿ?”

ಉಣ್ಣುತ್ತೇನೆ ಎಂದಳು ಕೋಮಲ. ಸಿಟ್ಟು ಬರಬಹುದೆಂದು ಕಾದಳು. ಅಳು ಬರಬಹುದೆಂದೂ ಕಾದಳು. ಹಿತ್ತಲ ಗೋಡೆಯ ಮೇಲೆ ಬಿಸಿಲು ಇತ್ತು. ಮಾತ್ರೆಯಿಂದಲೋ ಏನೋ, ಬಾಯಿ ಒಣಗಿತ್ತು. ಮನೆಯಲ್ಲಿ ಎಲ್ಲರೂ ಮರುದಿನ ದೋಸೆ ತಿಂದಿರಬೇಕು. ತಾನೂ ತಿಂದಿರಬೇಕು.

ಬಸ್‌ಸ್ಟಾಂಡಿಗೆ ಹೋಗುವ ಮೊದಲು ಕವನ ಹೊಳೆ ನೋಡಬೇಕೆಂದು ಹಟ ಮಾಡಿದಳು. ಸಂಗಮದ ಮೆಟ್ಟಿಲ ಬಳಿ ಹೆಚ್ಚು ಜನ ಇರಲಿಲ್ಲ. ಒಂದು ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ಕಪಿಲೆ. ನಂಜನಗೂಡಿನಲ್ಲಿ ತನ್ನ ಮನೆಯ ಬೀದಿಯ ಕೊನೆಯಲ್ಲಿ ಹರಿದ ಕಪಿಲೆಯ ನೀರು ತನಗಿಂತ ಮೊದಲೇ ಇಲ್ಲಿಗೆ ಬಂದಿರುತ್ತದೆ ಎಂದು ಕೋಮಲ ಅಂದುಕೊಂಡಳು. ಕವನ ಚಪ್ಪಲಿ ಬಿಟ್ಟು ಕೊನೆಯ ಮೆಟ್ಟಿಲಿಗೆ ಇಳಿದಳು. ಕೋಮಲ ಅವಳ ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡಳು. ನೀರು ಇಬ್ಬರ ಪಾದಗಳ ಮೇಲೂ ಬಂದು ಹೋಗುತ್ತಿತ್ತು. ಮಗುವಿನ ಪಾದ ತನ್ನ ಪಾದದ ಪಕ್ಕದಲ್ಲಿ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು.

ಮನಸ್ಸಿನಲ್ಲಿ ಯಾವ ಯೋಚನೆಯೂ ಇರಲಿಲ್ಲ. ಅದನ್ನು ಅವಳು ಆಮೇಲೆ ಬಸ್ಸಿನಲ್ಲಿ ಮತ್ತೆ ಮತ್ತೆ ತನಗೆ ತಾನೇ ಖಚಿತಪಡಿಸಿಕೊಂಡಳು. ಕಿವಿಗೆ ಮಾತ್ರ ತನ್ನದೇ ಧ್ವನಿ ಕೇಳಿಸಿತು:

“ನಾನು ಹೋಗ್ತೀನಿ. ನೀನೂ ಬರ್ತೀಯಾ ಪುಟ್ಟಿ?”

“ಎಲ್ಲಿಗೆ?”

ಕೋಮಲ ನೀರನ್ನೇ ನೋಡುತ್ತಿದ್ದಳು.

ಕವನ ತಲೆಯೆತ್ತಿ ನೋಡಿದಳು. “ಎಲ್ಲಿಗೆ ಅಂತ ಮೊದ್ಲು ಹೇಳು. ಆಮೇಲೆ ಹೇಳ್ತೀನಿ.”

ಇಷ್ಟು ಸುಲಭವಾಗಿತ್ತು ಅದು. ಒಂದು ಪದ. ಕೋಮಲಳಿಗೆ ನೆಮ್ಮದಿಯಾಗಬೇಕಿತ್ತು. ಹೆಮ್ಮೆಯಾಗಬೇಕಿತ್ತು. ಆದದ್ದು ಬೇರೆ. ಈ ಮಗುವಿನ ಮೇಲೆ ಹೊಟ್ಟೆಕಿಚ್ಚಿನಂಥದ್ದೇನೋ ಎದೆಯಲ್ಲಿ ಸಣ್ಣಗೆ ಕದಲಿತು. ಬಹಳ ದಿನಗಳ ನಂತರ ಒಳಗೆ ಕದಲಿದ್ದು ಅದೊಂದೇ. ಅವಳ ಕೈ ತಾನಾಗಿ ಸಡಿಲವಾಯಿತು. ಕವನ ಅದನ್ನು ಬಿಡದೆ ಬಿಗಿಯಾಗಿ ಹಿಡಿದು ಜಗ್ಗಿದಳು.

“ಬಸ್‌ಸ್ಟಾಂಡಿಗೆ,” ಎಂದಳು ಕೋಮಲ.

“ಸರಿ,” ಎಂದು ಮಗು ಮೆಟ್ಟಿಲು ಹತ್ತಿತು.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಕವನ ಅಮ್ಮನ ತೊಡೆಯ ಮೇಲೆ ನಿದ್ದೆಹೋದಳು. ರುದ್ರೇಶ್ ಫೋನ್ ಮಾಡಿ ಹೇಗಾಯಿತು ಎಂದು ಕೇಳಿದ. ಚೆನ್ನಾಗಾಯಿತು ಎಂದಳು. ಎಲ್ಲರೂ ಹೇಗಿದ್ದಾರೆ ಎಂದ. ಚೆನ್ನಾಗಿದ್ದಾರೆ ಎಂದಳು. ಅವನು ಕಾದ. ಸಿಗ್ನಲ್ ಸಿಗುತ್ತಿಲ್ಲ ಎಂದು ಹೇಳಿ ಅವಳು ಫೋನನ್ನು ಬ್ಯಾಗಿನೊಳಕ್ಕೆ ಹಾಕಿದಳು.

ಊರು ಹತ್ತಿರವಾಗುತ್ತಿದ್ದಂತೆ ರೈಲ್ವೆ ಗೇಟು ಹಾಕಿತ್ತು. ಡ್ರೈವರ್ ಎಂಜಿನ್ ಆಫ್ ಮಾಡಿದ. ರೈಲು ಬರುವ ಸೂಚನೆ ಕಾಣಲಿಲ್ಲ. ಸಂಜೆಯ ಬೆಳಕು ಕರಗುತ್ತಿತ್ತು. ಮೊದಲು ಒಂದಿಬ್ಬರು ಗಂಡಸರು ಇಳಿದು ಗೇಟಿನ ಕೆಳಗೆ ಬಗ್ಗಿ ಆಚೆಗೆ ನಡೆದರು. ಆಮೇಲೆ ಹೆಂಗಸರು ಚೀಲ ತಲೆಯ ಮೇಲಿಟ್ಟುಕೊಂಡು ಇಳಿದರು. ಕಂಡಕ್ಟರ್ ಅವಳ ಸೀಟಿನ ಹತ್ತಿರ ಬಂದು, ಲೇಟಾಯ್ತದೆ ಮೇಡಂ, ಇಳ್ದು ನಡ್ಕಂಡೋಗಿ, ಊರು ಇಲ್ಲೇ ಎಂದ. ಅವಳು ಮಲಗಿದ್ದ ಮಗುವನ್ನು ತೋರಿಸಿದಳು. ಅವನೂ ಇಳಿದುಹೋದ.

ರೈಲು ಬಂತು. ಕಿಟಕಿಗಳಿಲ್ಲದ ಗೂಡ್ಸ್ ಗಾಡಿ. ಒಂದರ ಹಿಂದೆ ಒಂದು ಕಪ್ಪು ಡಬ್ಬಿಗಳು ಉದ್ದಕ್ಕೂ ಸಾಗಿ ಮುಗಿದವು. ಗೇಟು ನಡುಗುತ್ತ ಮೇಲೆದ್ದಿತು. ಎದುರಿಗೆ ರಸ್ತೆ ಊರಿನವರೆಗೂ ಖಾಲಿಯಾಗಿತ್ತು. ಡ್ರೈವರಿನ ಸೀಟೂ ಖಾಲಿಯಾಗಿತ್ತು; ಅವನು ಯಾವಾಗ ಇಳಿದುಹೋದನೆಂದು ಅವಳು ನೋಡಿರಲಿಲ್ಲ. ಹಿಂದೆ ನಿಂತ ಗಾಡಿಗಳು ಹಾರನ್ ಹೊಡೆಯತೊಡಗಿದವು, ಮೊದಲು ಒಂದು, ಆಮೇಲೆ ಎಲ್ಲವೂ. ಕತ್ತಲಾಗುತ್ತಿದ್ದ ಬಸ್ಸಿನಲ್ಲಿ ಕೋಮಲ ಮಗುವಿನ ಕಿವಿಗಳನ್ನು ಮುಚ್ಚಿ ಹಿಡಿದು, ಅವತ್ತು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಂತೆ, ಕೂತೇ ಇದ್ದಳು.